ನಾಲ್ಕು ಕಪ್ಪಿನ ಸೆಟ್

ಬೆಳಗ್ಗೆ 6:12ಕ್ಕೆ ನಮ್ಮ ಮನೆತನದ ಗುಂಪಿಗೆ ದೊಡ್ಡಪ್ಪನ ಫಾರ್ವರ್ಡ್ ಬಂತು. 'ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಸೆಟ್. 430 ಅರ್ಥ! ಯುನೆಸ್ಕೋ ಘೋಷಣೆ. ಹತ್ತು ಜನರಿಗೆ ಕಳಿಸಿ.' ಕೆಳಗೆ ಸಾಲಾಗಿ ಐದು ಕೈಮುಗಿದ ಚಿತ್ರ.

ಗುಂಪಿನಲ್ಲಿ 23 ಜನ ಇದ್ದೇವೆ. ಅದನ್ನು ಪೂರ್ತಿ ಓದಿದವನು ಕಿರಣ ಒಬ್ಬನೇ, ಅದೂ ತಪ್ಪು ಹುಡುಕೋಕೆ.

ಕಿರಣ: 'ಯುನೆಸ್ಕೋಗೆ ಬೇರೆ ಕೆಲಸ ಇಲ್ವಾ ದೊಡ್ಡಪ್ಪ? ಎಲ್ಲಿ ಬಂದಿದೆ ಇದು?'

ದೊಡ್ಡಪ್ಪ: 'ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ದೊಡ್ಡವರ ಮಾತಿಗೆ ಬೆಲೆ ಕೊಡೋ ಕಾಲ ಹೋಯ್ತು.'

ಕಿರಣ: 'ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅಂತ ಕಳಿಸಿದ್ದೂ ನೀವೇ. ಅಪ್ಪ ಎರಡು ಡಬ್ಬಿ ನಾಣ್ಯ ಬ್ಯಾಂಕಿಗೆ ಹೊತ್ತುಕೊಂಡು ಹೋದ್ರು.'

ಚಿಕ್ಕಪ್ಪ: 'ಆ ವಿಷಯ ಈಗ ಯಾಕೋ?'

ಕಿರಣ ಬಿಡುವವನಲ್ಲ. ಹತ್ತು ನಿಮಿಷದಲ್ಲಿ ಉದ್ದಕ್ಕೆ ಬರೆದ. ಇದು ಆಕ್ಸ್‌ಫರ್ಡ್ ನಿಘಂಟಿನ ಲೆಕ್ಕವಂತೆ. 1989ರ ಎರಡನೇ ಆವೃತ್ತಿ, 20 ಸಂಪುಟ. ಅದರಲ್ಲಿ ಸೆಟ್ ಅನ್ನುವ ಕ್ರಿಯಾಪದ ಒಂದಕ್ಕೇ ಸುಮಾರು 60,000 ಪದಗಳ ವಿವರಣೆ. ಆದರೆ ಅದು ಹಳೇ ಮಾತು. ಈಗ ರನ್ ಮುಂದಿದೆ, 645 ಅರ್ಥ. ಪೀಟರ್ ಗಿಲಿವರ್ ಅನ್ನುವ ನಿಘಂಟುಕಾರರು ಅದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರಂತೆ.

ಚಿಕ್ಕಮ್ಮ: 'ಒಂಬತ್ತು ತಿಂಗಳಾ? ತಾಯಿ ಮಗು ಕ್ಷೇಮ ತಾನೇ?'

ನನಗೆ ಮಾತ್ರ ಇದು ನಿಜಕ್ಕೂ ರುಚಿಸಿತ್ತು. ಮೊದಲು ಕಾಲಿದ್ದವರು ಓಡುತ್ತಿದ್ದರು. ಆಮೇಲೆ ರೈಲು ಓಡಿತು, ಮೆಷಿನ್ ಓಡಿತು, ಈಗ ಕಂಪ್ಯೂಟರಿನಲ್ಲಿ ಪ್ರೋಗ್ರಾಮು. ಒಂದೊಂದು ಬಂದಾಗಲೂ ಆ ಪದಕ್ಕೆ ಒಂದಷ್ಟು ಅರ್ಥ ಸೇರಿಕೊಂಡಿತು. ಇದನ್ನೇ ಬರೆದು ಹಾಕಿದೆ. ಯಾರೂ ಒಂದು ಹೆಬ್ಬೆರಳೂ ಒತ್ತಲಿಲ್ಲ.

ದೊಡ್ಡಪ್ಪ: 'ನಮ್ಮ ಹೊಡಿ ಏನು ಕಮ್ಮಿ? ಗಾಡಿ ಹೊಡಿ, ಬಣ್ಣ ಹೊಡಿ, ಕಣ್ಣು ಹೊಡಿ, ಗೊರಕೆ ಹೊಡಿ, ಕಾಪಿ ಹೊಡಿ. ಮೊದಲು ಸ್ವಂತ ಭಾಷೆ ಕಲೀರಿ.'

ಮೂವತ್ತು ವರ್ಷ ಮೇಷ್ಟ್ರಾಗಿದ್ದವರು. ಕೊನೆಯದು ಅನುಭವದ ಮಾತು.

ಕಿರಣ: 'ಹರಟೆ ಹೊಡಿ ಬಿಟ್ಟುಹೋಯ್ತು.'

ಅಷ್ಟರಲ್ಲಿ ರಮೇಶಣ್ಣ ಎದ್ದ. 'ಸೆಟ್ ಅಂದ್ರೆ ಸೆಟ್ ದೋಸೆ ಕಣ್ರೋ. ಅಜ್ಜ ಶನಿವಾರ ಸಂತೆಗೆ ಕರ್ಕೊಂಡು ಹೋದಾಗ ಕೊಡಿಸ್ತಿದ್ರು. ಮೂರು ದೋಸೆ, ಸಾಗು. ಅಜ್ಜ ತಮ್ಮ ಪಾಲಿನ ಮೂರನೇದನ್ನ ನನ್ನ ತಟ್ಟೆಗೆ ಹಾಕ್ತಿದ್ರು.'

ಸುಮಕ್ಕ: 'ನನ್ನನ್ನ ಒಂದು ದಿನಾನೂ ಸಂತೆಗೆ ಕರ್ಕೊಂಡು ಹೋಗಲಿಲ್ಲ.'

ಇದಕ್ಕೆ ಯಾರೂ ಏನೂ ಬರೆಯಲಿಲ್ಲ. ಎರಡು ನಿಮಿಷ ಬಿಟ್ಟು ಅಮ್ಮ ಬಂದರು. ಅವರು ಗುಂಪಿನಲ್ಲಿ ಬರೆಯುವುದೇ ಅಪರೂಪ.

ಅಮ್ಮ: 'ಸೆಟ್ ಅಂದಾಗ ನೆನಪಾಯ್ತು. ನನ್ನ ಕಾಫಿ ಕಪ್ಪಿನ ಸೆಟ್ ಏನಾಯ್ತು ಅತ್ತಿಗೆ?'

ಆರು ಪಿಂಗಾಣಿ ಕಪ್ಪು. ಅಂಚಿಗೆ ನೀಲಿ ಹೂವು. ಹದಿನೈದು ವರ್ಷದ ಹಿಂದೆ ಅತ್ತೆಯ ಮನೆ ಗೃಹಪ್ರವೇಶಕ್ಕೆ ಹೋದವು, ನಾಲ್ಕು ವಾಪಸ್ ಬಂದವು.

ಅತ್ತೆ: 'ನೀನು ಕಳಿಸಿದ್ದೇ ನಾಲ್ಕು.'

ಅಮ್ಮ: 'ನಾಲ್ಕು ಕಪ್ಪನ್ನ ಯಾರಾದ್ರೂ ಸೆಟ್ ಅಂತಾರಾ?'

ಅತ್ತೆ: 'ನಿನಗೂ ನನಗೂ ಮೊದಲಿಂದಲೂ ಸೆಟ್ ಆಗಲ್ಲ ಬಿಡು.'

ಕಿರಣ: '431.'

ಚಿಕ್ಕಪ್ಪ ಅವನನ್ನು ಸುಮ್ನಿರು ಅಂದರು. ದೊಡ್ಡಪ್ಪ ಕೂಡು ಕುಟುಂಬದ ಮೇಲೆ ಎಂಟು ಸಾಲಿನ ಪದ್ಯ ಹಾಕಿದರು. ಗುಂಪು ತಣ್ಣಗಾಯಿತು ಅಂದುಕೊಂಡೆ.

9:40ಕ್ಕೆ ಅತ್ತೆಯ ಸೊಸೆ ಒಂದು ಫೋಟೋ ಹಾಕಿದಳು. ಪಾಪ, ಮೇಲಿನದೇನೂ ಓದಿರಲಿಲ್ಲ. ಮಳೆ, ಬಾಲ್ಕನಿ, ಹಬೆಯಾಡುವ ಕಾಫಿ, 'ಶುಭೋದಯ'. ಅರ್ಧ ನಿಮಿಷದಲ್ಲಿ ಫೋಟೋ ಮಾಯ. 'ಈ ಸಂದೇಶವನ್ನು ಅಳಿಸಲಾಗಿದೆ.'

ಅಷ್ಟರಲ್ಲಿ ಅಮ್ಮ ನನ್ನ ರೂಮಿಗೆ ಬಂದಿದ್ದರು. ಸ್ಕ್ರೀನ್‌ಶಾಟ್ ತೆಗೆಯೋದನ್ನು ಯಾವಾಗ ಕಲಿತರೋ ಗೊತ್ತಿಲ್ಲ. ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಕಪ್ಪಿನ ಹಿಡಿ ತೋರಿಸಿದರು.

'ಇಲ್ನೋಡು, ಮುಕ್ಕು. ನೀನೇ ಎರಡನೇ ಕ್ಲಾಸಲ್ಲಿ ಕೆಡವಿದ್ದು.'