ಯೀಶಿಂಗ್ ಮಣ್ಣಿನ ಪಾತ್ರೆಯೋ, ಬಿಳಿ ಪಿಂಗಾಣಿಯ ಗಾಯ್ವಾನೋ?

ಪ್ರಶ್ನೆ – ಸೂಜೌ ನಿವಾಸಿ

ನಮಸ್ಕಾರ. ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಚೀನಾದ ಸೂಜೌ ನಗರದಲ್ಲಿರುವ ನಾನು ಮುಂದಿನ ತಿಂಗಳು ತುಮಕೂರಿಗೆ ಮರಳುತ್ತಿದ್ದೇನೆ. ಹಾಲು, ಸಕ್ಕರೆ ಇಲ್ಲದ ಚಹಾ ಈಗ ರೂಢಿಯಾಗಿಬಿಟ್ಟಿರುವುದರಿಂದ ಸಾಂಪ್ರದಾಯಿಕ ಸೆಟ್ ಒಂದನ್ನು ಜೊತೆಗೆ ತರಬೇಕೆಂದಿದ್ದೇನೆ. ಕಳೆದ ವಾರ ತಾಯಿಹೂ ಸರೋವರದ ಆಚೆ ದಡದಲ್ಲಿರುವ, ಮಣ್ಣಿನ ಚಹಾ ಪಾತ್ರೆಗಳಿಗೆ ಹೆಸರಾದ ಯೀಶಿಂಗ್‌ಗೆ ಹೋಗಿ, ಡಿಂಗ್‌ಶು ಪಟ್ಟಣದಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದೆ. ನನ್ನ ಕಣ್ಣಿಗೆ ಒಂದೇ ತೆರನಾಗಿ ಕಂಡ ಪಾತ್ರೆಗಳಿಗೆ ಒಂದು ಕಡೆ 150 ಯುವಾನ್, ಇನ್ನೊಂದು ಕಡೆ 3000 ಯುವಾನ್ ಹೇಳಿದ್ದರಿಂದ ಬರಿಗೈಯಲ್ಲಿ ಹಿಂದಿರುಗಿದೆ. ಬೆಳಿಗ್ಗೆ ಇಲ್ಲಿನದೇ ಆದ ಬಿಲುವೊಚುನ್ ಹಸಿರು ಚಹಾ, ಸಂಜೆ ಹಸಿರು, ಕಪ್ಪು ಚಹಾಗಳ ನಡುವಿನ ಬಗೆಯಾದ ಊಲಾಂಗ್, ಅಪರೂಪಕ್ಕೆ ಯುನ್ನಾನ್ ಪ್ರಾಂತ್ಯದ ಪುಅರ್ ಚಹಾ ಕುಡಿಯುತ್ತೇನೆ. ಮನೆಯಲ್ಲಿ ಕುಡಿಯುವವರು ನಾನು ಮತ್ತು ನನ್ನ ಪತ್ನಿ ಇಬ್ಬರೇ. ಖರ್ಚು 800 ಯುವಾನ್ ದಾಟಬಾರದು. ಏನನ್ನು ಕೊಳ್ಳಲಿ?

ಉತ್ತರ 1 – ಮಲ್ಲೇಶ್ವರದ ಚಹಾಪ್ರಿಯ

ಬರಿಗೈಯಲ್ಲಿ ಬಂದದ್ದೇ ಒಳ್ಳೆಯದಾಯಿತು. ಯೀಶಿಂಗ್‌ನ ಜಿಶಾ ಮಣ್ಣಿನ ಪಾತ್ರೆಗೆ ಒಳಗೂ ಹೊರಗೂ ಮೆರುಗು ಹಚ್ಚಿರುವುದಿಲ್ಲ. ಅದರ ಸೂಕ್ಷ್ಮ ರಂಧ್ರಗಳು ಚಹಾದ ಪರಿಮಳವನ್ನು ಹೀರಿಕೊಳ್ಳುತ್ತವೆ ಎಂಬ ಕಾರಣಕ್ಕೇ ಬಳಸುವವರು ಒಂದು ಪಾತ್ರೆಗೆ ಒಂದೇ ಬಗೆಯ ಚಹಾವನ್ನು ಮೀಸಲಿಡುತ್ತಾರೆ. ಹೊಸ ದೋಸೆ ಕಾವಲಿಯನ್ನು ಪಳಗಿಸುವಂತೆ ಅದನ್ನೂ ತಿಂಗಳುಗಟ್ಟಲೆ ಪಳಗಿಸಬೇಕು, ಸೋಪು ಮುಟ್ಟಿಸಕೂಡದು. ಮೂರು ಬಗೆಯ ಚಹಾ ಕುಡಿಯುವ ತಮಗೆ ಒಂದೇ ಮಣ್ಣಿನ ಪಾತ್ರೆಯಿಂದ ಆಗುವ ಪ್ರಯೋಜನ ಕಡಿಮೆ.

ನನ್ನ ಸಲಹೆ ಬಿಳಿ ಪಿಂಗಾಣಿಯ ಗಾಯ್ವಾನ್, ಅಂದರೆ ಮುಚ್ಚಳ, ಬಟ್ಟಲು, ಅಡಿತಟ್ಟೆ ಈ ಮೂರೂ ಸೇರಿದ ಪಾತ್ರೆ. ಪಿಂಗಾಣಿ ಯಾವ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲವಾದ್ದರಿಂದ ಬೆಳಗಿನ ಚಹಾದ ನೆರಳು ಸಂಜೆಯ ಚಹಾದ ಮೇಲೆ ಬೀಳದು. ಇಬ್ಬರಿಗೆ 100ರಿಂದ 120 ಮಿಲಿಲೀಟರ್ ಅಳತೆಯದು ಸಾಕು. ಇದು ಚಿಕ್ಕದಾಯಿತೆಂದು ಅನೇಕರು ದೊಡ್ಡದನ್ನು ತಂದು ಕೈ ಸುಟ್ಟುಕೊಳ್ಳುತ್ತಾರೆ. ಐದಾರು ಗ್ರಾಂ ಊಲಾಂಗ್ ಹಾಕಿ, ಕುದಿಯುವ ನೀರೆರೆದು, ಕೆಲವೇ ಸೆಕೆಂಡು ಬಿಟ್ಟು ಬಸಿಯುವುದು, ಮತ್ತೆ ನೀರೆರೆಯುವುದು, ಹೀಗೆ ಅದೇ ಎಲೆಯಿಂದ ಆರೇಳು ಸಲ ಚಹಾ ಸಿಗುತ್ತದೆ. ಅನ್ನದ ಗಂಜಿ ಬಸಿಯುವಾಗ ತಟ್ಟೆಯನ್ನು ಓರೆಯಾಗಿ ಅಡ್ಡ ಹಿಡಿಯುತ್ತೇವಲ್ಲ, ಗಾಯ್ವಾನಿನ ಮುಚ್ಚಳದ ಕೆಲಸವೂ ಅದೇ: ಎಲೆ ಒಳಗೇ ಉಳಿಯಬೇಕು, ರಸ ಸಂದಿಯಿಂದ ಹರಿದು ಬರಬೇಕು.

ಅಂಗಡಿಯಲ್ಲಿ ಬಟ್ಟಲಿನ ಅಂಚನ್ನು ನೋಡಿ. ಅದು ಹೂವಿನ ದಳದಂತೆ ಹೊರಕ್ಕೆ ಚಾಚಿದ್ದರೆ ಬೆರಳಿಡುವ ಜಾಗಕ್ಕೆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ನೇರವಾದ, ದಪ್ಪನೆಯ ಅಂಚಿನದು ಎಷ್ಟೇ ಚೆಂದವಿದ್ದರೂ ಬೇಡ. ಇದರೊಡನೆ, ಬಸಿದ ಚಹಾ ಎಲ್ಲರ ಬಟ್ಟಲಿಗೂ ಒಂದೇ ಹದದಲ್ಲಿ ಬೀಳುವಂತೆ ಮಾಡುವ ಗೊಂಗ್‌ದಾವೊಬೇ ಎಂಬ ಚಿಕ್ಕ ಹೂಜಿ, ನಾಲ್ಕು ಪುಟ್ಟ ಬಟ್ಟಲುಗಳು, ಚೆಲ್ಲಿದ ನೀರು ಹಿಡಿಯಲು ಒಂದು ತಟ್ಟೆ ಇದ್ದರೆ ಸೆಟ್ ಪೂರ್ಣವಾಯಿತು. ರೇಷ್ಮೆ ಹೊದಿಸಿದ ಉಡುಗೊರೆ ಪೆಟ್ಟಿಗೆಗಳನ್ನು ಮಾತ್ರ ದೂರವಿಡಿ. ಕೆಲವದರಲ್ಲಿ ಚಹಾ ಕಡೆಯುವ ಬಿದಿರಿನ ಕುಂಚವನ್ನೂ ಇಟ್ಟಿರುತ್ತಾರೆ. ಅದು ಮಿಂಗ್‌ಗಿಂತ ಹಿಂದಿನ ಸಾಂಗ್ ರಾಜವಂಶದ ಕಾಲದ ಪುಡಿ ಚಹಾಕ್ಕೆ ಸೇರಿದ್ದು. 1391ರಲ್ಲಿ ಮಿಂಗ್ ದೊರೆ ಹಾಂಗ್‌ವು ಅಚ್ಚಿನಲ್ಲಿ ಒತ್ತಿದ ಚಹಾ ಬಿಲ್ಲೆಗಳ ಕಾಣಿಕೆಯನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿದ ಮೇಲೆ ಎಲೆ ನೆನೆಸುವ ಪಾತ್ರೆಗಳದೇ ರಾಜ್ಯ.

ಉತ್ತರ 2 – ಹಿಂದೆ ಗುವಾಂಗ್‌ಡಾಂಗ್‌ನಲ್ಲಿದ್ದವ

ಮೇಲಿನ ಮಾತುಗಳಲ್ಲಿ ಹೆಚ್ಚಿನವನ್ನು ಒಪ್ಪುತ್ತೇನೆ, ಆದರೆ ಮಣ್ಣಿನ ಪಾತ್ರೆಯನ್ನು ಪೂರ್ತಿ ತಳ್ಳಿಹಾಕುವುದನ್ನು ಒಪ್ಪಲಾರೆ. ಸಂಜೆಯ ಊಲಾಂಗ್ ತಪ್ಪದ ರೂಢಿಯಾಗಿದ್ದರೆ ಅದಕ್ಕೆಂದೇ ಒಂದು ಚಿಕ್ಕ ಪಾತ್ರೆ ಸಾರ್ಥಕ. ಅದು ಯೀಶಿಂಗ್‌ನದೇ ಆಗಬೇಕೆಂದಿಲ್ಲ. ಚಿಕ್ಕ ಪಾತ್ರೆಗೆ ಹೆಚ್ಚು ಎಲೆ ಹಾಕಿ ಮತ್ತೆ ಮತ್ತೆ ಬಸಿಯುವ ಗೊಂಗ್‌ಫು ಚಹಾದ ತವರಾದ, ಗುವಾಂಗ್‌ಡಾಂಗ್‌ನ ಚಾವೊಜೌನಲ್ಲಿ ಚಕ್ರದ ಮೇಲೆ ತಿರುಗಿಸಿ ಮಾಡುವ ಕೆಂಪು ಮಣ್ಣಿನ ಪಾತ್ರೆಗಳೂ ಇದೇ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಯೀಶಿಂಗ್‌ನವರಾದರೋ ಚಕ್ರ ಬಳಸದೆ ಮಣ್ಣಿನ ಹಲಗೆಯನ್ನು ಬಡಿದು ಬಾಗಿಸಿ ಪಾತ್ರೆಯನ್ನು ಕಟ್ಟುತ್ತಾರೆ. ಅಚ್ಚಿನ ನೆರವು ಪಡೆದದ್ದು ಅರೆ ಕೈಕೆಲಸದ್ದು, ಪಡೆಯದೆ ಮಾಡಿದ್ದು ಪೂರ್ಣ ಕೈಕೆಲಸದ್ದು. ಬೆಲೆಯ ಅಂತರಕ್ಕೆ ಇದು ಒಂದು ಕಾರಣ, ಮಾಡಿದವರ ಹೆಸರು ಇನ್ನೊಂದು.

ಕೊಳ್ಳುವ ಮೊದಲು ಪಾತ್ರೆಗೆ ನೀರು ತುಂಬಿಸಿ ಬಗ್ಗಿಸಿ, ಮುಚ್ಚಳದ ಮೇಲಿನ ಸಣ್ಣ ತೂತನ್ನು ಬೆರಳಿನಿಂದ ಮುಚ್ಚಿ. ಧಾರೆ ತಟ್ಟನೆ ನಿಂತರೆ ಮುಚ್ಚಳ ಸರಿಯಾಗಿ ಕೂತಿದೆ ಎಂದರ್ಥ. ಬಿಸಿನೀರು ಹಾಕಿ ಮೂಸಿಯೂ ನೋಡಿ. ಮಣ್ಣಿನ ಮಂದ ವಾಸನೆಯ ಬದಲು ಬೂಟ್ ಪಾಲಿಶ್ ವಾಸನೆ ಬಂದರೆ ಅಲ್ಲಿಂದ ಎದ್ದುಬಿಡಿ.

ಚಾವೊಜೌನಲ್ಲಿ ಎಷ್ಟೇ ಜನರಿದ್ದರೂ ಮೂರೇ ಬಟ್ಟಲು ಇಡುತ್ತಾರೆ. ಮೊದಲ ಸಲ ಐವರ ನಡುವೆ ಕೂತಾಗ ನನ್ನ ಪಾಲಿಗೆ ಬಟ್ಟಲೇ ಇಲ್ಲವೆಂದು ಸಂಕೋಚವಾಗಿತ್ತು. ಒಬ್ಬರು ಕುಡಿದಿಟ್ಟದ್ದನ್ನು ಬಿಸಿನೀರಿನಲ್ಲಿ ತೊಳೆದು ಮುಂದಿನವರಿಗೆ ಸುರಿಯುವುದು ಅಲ್ಲಿನ ಪದ್ಧತಿ ಎಂಬುದು ಆಮೇಲೆ ತಿಳಿಯಿತು.

ಉತ್ತರ 3 – ಶಿರಾ ಕಡೆಯವಳು

ಒಂದೇ ಮಾತು: ನಿಮ್ಮ ಮನೆಯದು ಕೊಳವೆಬಾವಿ ನೀರಾದರೆ ಸೆಟ್‌ಗಿಂತ ಮೊದಲು ನೀರನ್ನು ಯೋಚಿಸಿ. ಗಡಸು ನೀರಿನಲ್ಲಿ ಹಸಿರು ಚಹಾ ಸಪ್ಪೆಯಾಗುತ್ತದೆ, ಮಣ್ಣಿನ ಪಾತ್ರೆಯ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ಬಿಲುವೊಚುನ್‌ಗಂತೂ ಯಾವ ಪಾತ್ರೆಯೂ ಬೇಡ. ಉದ್ದನೆಯ ಗಾಜಿನ ಲೋಟಕ್ಕೆ 75ರಿಂದ 80 ಡಿಗ್ರಿಯ ನೀರು ಹಾಕಿ, ಆಮೇಲೆ ಎಲೆಯನ್ನು ಮೇಲಿನಿಂದ ಉದುರಿಸಿದರಾಯಿತು. ಅಷ್ಟು ಎಳೆಯ ಚಿಗುರಿನ ಮೇಲೆ ಕುದಿಯುವ ನೀರು ಸುರಿದರೆ ಬೆಂದ ಸೊಪ್ಪಿನಂತಾಗುತ್ತದೆ.

ಮರು ಉತ್ತರ – ಸೂಜೌ ನಿವಾಸಿ

ಮೂವರಿಗೂ ಧನ್ಯವಾದಗಳು. ಪಿಂಗಾಣಿಗೆ ಹೆಸರಾದ ಜಿಂಗ್‌ದೆಜೆನ್ ಊರಿನ ಪಾತ್ರೆಗಳನ್ನು ಮಾರುವ ಅಂಗಡಿಯೊಂದರಲ್ಲಿ ಇಂದು ನಾಲ್ಕು ಗಾಯ್ವಾನ್‌ಗಳಿಗೆ ತಣ್ಣೀರು ತುಂಬಿಸಿ ಬಸಿದು ನೋಡಿದೆ. ಮೂರನೆಯದು ಕೈಗೆ ಒಗ್ಗಿತು. ಅದನ್ನೂ ಹೂಜಿಯನ್ನೂ ನಾಲ್ಕು ಬಟ್ಟಲುಗಳನ್ನೂ ಸೇರಿಸಿ 260 ಯುವಾನ್ ಆಯಿತು. ಮನೆಗೆ ಬಂದು ಬಿಸಿನೀರು ಹಾಕಿದಾಗ ಮಾತ್ರ ಹೆಬ್ಬೆರಳು ಸುಟ್ಟಿತು. ಇದಕ್ಕೆ ಉಪಾಯವೇನಾದರೂ ಇದೆಯೇ?

ಉತ್ತರ – ಮಲ್ಲೇಶ್ವರದ ಚಹಾಪ್ರಿಯ

ಅಂಚಿನವರೆಗೂ ತುಂಬಿಸಿರುತ್ತೀರಿ. ನೀರು ಅಂಚು ಹೊರಚಾಚುವ ಜಾಗಕ್ಕಿಂತ ಕೆಳಗೇ ನಿಲ್ಲಲಿ; ಹೆಬ್ಬೆರಳು, ನಡುಬೆರಳುಗಳಿಂದ ಅಂಚಿನ ತುದಿಯನ್ನಷ್ಟೇ ಹಿಡಿದು, ತೋರುಬೆರಳನ್ನು ಮುಚ್ಚಳದ ಗುಬುಟಿನ ಮೇಲಿಟ್ಟು, ಅನುಮಾನಿಸದೆ ಒಂದೇ ಸಲಕ್ಕೆ ಬಗ್ಗಿಸಿ. ನಿಧಾನವಾಗಿ ಬಗ್ಗಿಸಿದಷ್ಟೂ ಹಬೆ ಬೆರಳಿಗೆ ಹೊಡೆಯುತ್ತದೆ.