ರೆಲಿಗೇಷನ್‌ಗೆ ‘ಹಿಂಬಡ್ತಿ’ ಒಪ್ಪುತ್ತದೆಯೇ?

ಗೆಳೆಯರೇ,

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೆಲಿಗೇಷನ್ ಎಂಬಲ್ಲಿಗೆ ಬಂದು ಕೈ ನಿಂತಿದೆ. ಅಂಕಪಟ್ಟಿಯ ತಳದಲ್ಲಿ ಉಳಿದ ತಂಡ ಮುಂದಿನ ಋತುವಿನಲ್ಲಿ ಕೆಳಗಿನ ಡಿವಿಷನ್‌ನಲ್ಲಿ ಆಡಬೇಕಾಗುತ್ತದಲ್ಲ, ಅದು. ಪ್ರಮೋಷನ್‌ಗೆ ‘ಬಡ್ತಿ’ ಇರುವಾಗ ಇದಕ್ಕೆ ‘ಹಿಂಬಡ್ತಿ’ ಎನ್ನಬಹುದು ಎಂದು ಸ್ನೇಹಿತರೊಬ್ಬರು ಹೇಳಿದರು. ನನ್ನ ಮನಸ್ಸು ಒಪ್ಪುತ್ತಿಲ್ಲ.

ಹಿಂಬಡ್ತಿ ಸರ್ಕಾರಿ ಕಚೇರಿಯ ಮಾತು. ಮೇಲಿನವರು ಆದೇಶ ಹೊರಡಿಸುತ್ತಾರೆ, ನೌಕರ ಕೆಳಗಿನ ಹುದ್ದೆಗೆ ಹೋಗುತ್ತಾನೆ. 2006ರಲ್ಲಿ ಇಟಲಿಯ ಯುವೆಂಟಸ್ ತಂಡವನ್ನು ರೆಫರಿಗಳ ಹಗರಣದಲ್ಲಿ ಎರಡನೇ ಡಿವಿಷನ್‌ಗೆ ತಳ್ಳಿದ್ದಕ್ಕೆ ಆ ಪದ ಸರಿಯಾಗಿ ಕೂರುತ್ತದೆ. ಫಾರೆಸ್ಟ್ ಬಿದ್ದದ್ದು ಯಾರ ಆದೇಶದಿಂದಲೂ ಅಲ್ಲ, ಮೈದಾನದಲ್ಲಿ ಸೋತು.

ಎಂಥ ಪತನ ಅದು! 1975ರಲ್ಲಿ ಬ್ರಿಯಾನ್ ಕ್ಲಫ್ ಮ್ಯಾನೇಜರ್ ಆಗಿ ಬಂದಾಗ ತಂಡ ಎರಡನೇ ಡಿವಿಷನ್‌ನಲ್ಲಿ ಒದ್ದಾಡುತ್ತಿತ್ತು. 1977ರಲ್ಲಿ ಮೇಲೇರಿ, ಮರುವರ್ಷವೇ ಇಂಗ್ಲೆಂಡಿನ ಚಾಂಪಿಯನ್ ಆಯಿತು. 1979 ಮತ್ತು 1980ರಲ್ಲಿ, ಯುರೋಪಿನ ದೇಶಗಳ ಚಾಂಪಿಯನ್ ಕ್ಲಬ್ಬುಗಳು ಸೆಣಸುತ್ತಿದ್ದ ಯುರೋಪಿಯನ್ ಕಪ್ಪನ್ನೂ ಗೆದ್ದಿತು. ದೇಶದ ಲೀಗ್ ಗೆದ್ದದ್ದು ಒಂದೇ ಸಲ, ಯುರೋಪನ್ನು ಗೆದ್ದದ್ದು ಎರಡು ಸಲ. ಈ ಮಾತು ಬೇರೆ ಯಾವ ಕ್ಲಬ್ಬಿಗೂ ಸಲ್ಲದು. 1993ರಲ್ಲಿ, ಕ್ಲಫ್ ಅವರ ಕೊನೆಯ ಋತುವಿನಲ್ಲೇ, ತಂಡ ಕಟ್ಟಕಡೆಯ ಸ್ಥಾನದಲ್ಲಿ ನಿಂತು ದೇಶದ ಮೊದಲ ಹಂತವಾದ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಮತ್ತೆ ಹತ್ತಿತು, ಮತ್ತೆ ಬಿತ್ತು. 1999ರಲ್ಲಿ ಬಿದ್ದದ್ದು 2005ರಲ್ಲಿ ಮೂರನೇ ಹಂತಕ್ಕೇ ಹೋಯಿತು. ಯುರೋಪಿಯನ್ ಕಪ್ ಗೆದ್ದ ತಂಡವೊಂದು ಅಷ್ಟು ಆಳಕ್ಕೆ ಹೋದದ್ದು ಅದೇ ಮೊದಲು. ಪ್ರೀಮಿಯರ್ ಲೀಗಿಗೆ ಮರಳಲು 2022ರವರೆಗೆ ಕಾಯಬೇಕಾಯಿತು.

ಇಷ್ಟನ್ನು ಹೇಳುವಾಗ ‘ಇಳಿಯಿತು’ ಎಂದು ಬರೆದರೆ ಆಟದ ವರದಿ ಓದುವವರಿಗೆ ‘ಕಣಕ್ಕಿಳಿಯಿತು’ ಎಂಬುದೇ ನೆನಪಾಗುತ್ತದೆ. ‘ಕುಸಿಯಿತು’ ಎಂದರೆ ಪಟ್ಟಿಯೊಳಗೇ ಮೂರರಿಂದ ಏಳಕ್ಕೆ ಜಾರಿದಂತೆ. ‘ಬಿತ್ತು’ ಎಂಬ ಕ್ರಿಯಾಪದ ನನಗೆ ಇಷ್ಟ. ಆದರೆ ‘ಬೀಳು’ ಎಂದು ನಾಮಪದ ಮಾಡಿಕೊಂಡರೆ ಬಿತ್ತದೆ ಬಿಟ್ಟ ಹೊಲ ಕಣ್ಣಿಗೆ ಬರುತ್ತದೆ. ‘ಏಳುಬೀಳು’ ಜೋಡಿಯಲ್ಲಿ ಮಾತ್ರ ಆ ತೊಡಕಿಲ್ಲ. ‘ದರ್ಜೆಯಿಳಿಕೆ’ ಹೇಗೆ?

ಇನ್ನೊಂದು ವಿಷಯ. ಇಂಗ್ಲೆಂಡಿನ ಎರಡನೇ ಹಂತದ ಹೆಸರು ‘ಚಾಂಪಿಯನ್‌ಶಿಪ್’, ಮೂರನೆಯದು ‘ಲೀಗ್ ಒನ್’. ‘ಫಾರೆಸ್ಟ್ ಲೀಗ್ ಒನ್‌ಗೆ ಬಿತ್ತು’ ಎಂದರೆ ಹೊಸ ಓದುಗರು ತಬ್ಬಿಬ್ಬಾಗುತ್ತಾರೆ. ಹಾಗಾಗಿ ನಾನು ಹೆಸರುಗಳನ್ನು ಬಿಟ್ಟು ಎರಡನೇ ಹಂತ, ಮೂರನೇ ಹಂತ ಎಂದೇ ಬರೆಯುತ್ತಿದ್ದೇನೆ. ಇದು ಸರಿಯೇ?

ಬೆಂಗಳೂರಿನ ಲೀಗಿನಲ್ಲೂ ಸೂಪರ್ ಡಿವಿಷನ್, ಎ ಡಿವಿಷನ್‌ಗಳಿವೆ. ಅಲ್ಲಿ ಆಡಿದವರು, ಆಟ ನೋಡಿ ಬೆಳೆದವರು ಈ ಬಳಗದಲ್ಲಿದ್ದರೆ, ತಂಡ ಕೆಳಗಿನ ಡಿವಿಷನ್‌ಗೆ ಹೋದಾಗ ತಮ್ಮತಮ್ಮಲ್ಲಿ ಏನೆನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ. ಬಳಕೆಯಲ್ಲಿರುವ ಮಾತೇ ಸಿಕ್ಕರೆ ಹೊಸದನ್ನು ಕಟ್ಟುವುದು ಬೇಡ.