ದುರ್ಗಮ, ದುಸ್ತರ, ಅಭೇದ್ಯ: ನೀರು ಇಳಿಯದ ಕಲ್ಲಿಗೆ ಯಾವ ಮಾತು?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಅಂತರ್ಜಲದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ನೀರನ್ನು ಕೆಳಗೆ ಇಳಿಯಲು ಬಿಡದ ಪದರಕ್ಕೆ ಏನನ್ನಬೇಕು ಅನ್ನುವುದು ನನ್ನ ಪ್ರಶ್ನೆ. 'ಅಪ್ರವೇಶ್ಯ ಶಿಲೆ' ಅಂತ ಬರೆಯುವವರಿದ್ದಾರೆ. 'ಅಭೇದ್ಯ ಪದರ' ಅಂದರೆ ಆಗಲ್ವಾ ಅಂತ ಒಬ್ಬರು ಕೇಳಿದರು. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ.

ಅಭೇದ್ಯ ಅಂದರೆ ಸೀಳಲಾಗದ್ದು, ಒಡೆಯಲಾಗದ್ದು. ಅದು ಗೋಡೆಗೆ, ಕವಚಕ್ಕೆ, ಸೈನ್ಯದ ವ್ಯೂಹಕ್ಕೆ ಹೊಂದುವ ಮಾತು. ಆದರೆ ನಮ್ಮ ಬಯಲುಸೀಮೆಯ ಗಟ್ಟಿ ಕಲ್ಲನ್ನು ಬೋರ್‌ವೆಲ್ ಲಾರಿಯವರು ನೂರಾರು ಅಡಿ ಕೊರೆದು ಹಾಕುತ್ತಾರೆ. ಅಂಥ ಕಲ್ಲನ್ನು ಅಭೇದ್ಯ ಅನ್ನುವುದು ಹೇಗೆ? ಅದರೊಳಗೆ ನೀರು ಇಳಿಯುವುದಿಲ್ಲ, ಅಷ್ಟೇ. ಬಿರುಕು ಇದ್ದರೆ ಅಲ್ಲಿ ಮಾತ್ರ ನೀರು. ಹಸಿ ಜೇಡಿಮಣ್ಣಂತೂ ಇನ್ನೂ ಮೆತ್ತಗೆ, ಬೆರಳಿನಿಂದಲೇ ಚುಚ್ಚಬಹುದು. ಆದರೂ ನೀರು ದಾಟುವುದು ತೀರಾ ನಿಧಾನ. ಕೆರೆ ಏರಿಯ ಒಡಲಿಗೆ ಜೇಡಿ ತುಂಬುವುದು ಅದಕ್ಕೇ ಅಲ್ವಾ? ಯಾವುದನ್ನು ಯಾರು ದಾಟಲಾರರು ಅನ್ನುವುದು ಇಲ್ಲಿ ಮುಖ್ಯ.

ಹಳಬರು ಈ ವ್ಯತ್ಯಾಸವನ್ನು ಚೆನ್ನಾಗಿ ಇಟ್ಟುಕೊಂಡಿದ್ದರು. ದುರ್ಗಮ ಅಂದರೆ ಹೋಗುವುದಕ್ಕೇ ಕಷ್ಟವಾದ ಜಾಗ. ದುಸ್ತರ ಹೊಳೆಯ, ಕಡಲಿನ ಮಾತು, ಈಜಿಯೋ ದೋಣಿಯಲ್ಲೋ ದಾಟಲು ಕಷ್ಟವಾದದ್ದು. ಈಗ 'ಬದುಕು ದುಸ್ತರ' ಅಂತ ಪತ್ರಿಕೆಯಲ್ಲಿ ಓದುವಾಗ ಹೊಳೆಯ ನೆನಪೇ ಬರುವುದಿಲ್ಲ. ಅಪಾರವೂ ಹಾಗೇ. ಪಾರ ಅಂದರೆ ಆಚೆ ದಡ, ಆಚೆ ದಡವೇ ಇಲ್ಲದ್ದು ಅಪಾರ. ಈಗ ಅದಕ್ಕೆ ಸುಮ್ನೆ ಜಾಸ್ತಿ ಅಂತ ಅರ್ಥ.

ದುರ್ಗ ಅನ್ನುವ ಪದವನ್ನೇ ನೋಡಿ. ಹೋಗಲು ಕಷ್ಟವಾದದ್ದು ದುರ್ಗ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೀರು, ಬೆಟ್ಟ, ಮರಳುಗಾಡು, ಕಾಡು ಅಂತ ನಾಲ್ಕು ಬಗೆಯ ದುರ್ಗಗಳಿವೆ. ನಮ್ಮಲ್ಲಿ ಕೃಷ್ಣೆಯ ನಡುಗಡ್ಡೆಯಲ್ಲಿ ಜಲದುರ್ಗ ಇದೆ, ಶಹಾಪುರದ ಕಡೆ ವನದುರ್ಗ ಇದೆ. ಮಾಗಡಿ ಹತ್ತಿರದ ಸಾವನದುರ್ಗದಲ್ಲಿ ಬೆಟ್ಟವೂ ಇತ್ತು, ಸುತ್ತ ಬಿದಿರು ಮೆಳೆಯ ದಟ್ಟ ಕಾಡೂ ಇತ್ತು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಮೊದಲು ಕಾಡು ಕಡಿದು ಫಿರಂಗಿಗಳಿಗೆ ದಾರಿ ಮಾಡಿದರು, ಆಮೇಲೆ ಗೋಡೆ ಒಡೆದರು. ಕಾಡು ದುರ್ಗಮ, ಗೋಡೆ ಅಭೇದ್ಯ ಅನ್ನುವುದು ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಾಗಿಯೇ ಕಾಣುತ್ತದೆ.

ಕನ್ನಡದಲ್ಲಿ ಇಂಥ ಕಡೆ ಕ್ರಿಯಾಪದವೇ ಮುಂದೆ ಬರುತ್ತದೆ. ಹೊಳೆಯನ್ನು ಹಾಯುತ್ತೇವೆ, ಬೇಲಿಯಲ್ಲಿ ನುಸುಳುತ್ತೇವೆ, ಮೆಳೆಯಲ್ಲಿ ನುಗ್ಗುತ್ತೇವೆ. ನೀರಿಗಂತೂ ಇಂಗು, ಜಿನುಗು, ಒಸರು, ಸೋರು ಅಂತ ಎಷ್ಟೊಂದಿವೆ! ನೆಲದೊಳಗೆ ಇಳಿದರೆ ಇಂಗು, ಕಲ್ಲಿನ ಸಂದಿನಿಂದ ಹೊರಗೆ ಬಂದರೆ ಒಸರು. ಹಾಗಾಗಿ 'ನೀರಿಂಗದ ಪದರ' ಅಂತಲೇ ಬರೆಯೋಣ ಅನ್ನುವುದು ನನ್ನ ಒಲವು. ಇಂಗುಗುಂಡಿ ಅನ್ನುವ ಪದ ಮಕ್ಕಳಿಗೆ ಆಗಲೇ ಗೊತ್ತು.

'ಇಂಗದ' ಅನ್ನುವಂಥ ರೂಪದಲ್ಲಿ ಒಂದು ತೊಡಕಿದೆ. 'ದಾಟದ ಹೊಳೆ' ಅಂದರೆ ನಾವು ದಾಟಲಿಲ್ಲವೋ, ದಾಟಲು ಆಗುವುದಿಲ್ಲವೋ? 'ದಾಟಲಾಗದ' ಅಂದರೆ ಸ್ಪಷ್ಟ. 'ದಾಟಬಾರದ' ಅಂದರೆ ಇವತ್ತು ಅದು ನಿಷೇಧ. ಆದರೆ ಹಳಗನ್ನಡದಲ್ಲೂ ವಚನಗಳಲ್ಲೂ 'ಬಾರದು' ಅನ್ನುವುದಕ್ಕೆ ಆಗದು ಅನ್ನುವ ಅರ್ಥವೂ ಇತ್ತು. 'ಅರಿಯಬಾರದು' ಅಂದರೆ ತಿಳಿಯಲು ಸಾಧ್ಯವಿಲ್ಲ. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ 'ಹೊಳಿ ಬಂದೈತಿ, ದಾಟಾಕ ಬರಂಗಿಲ್ಲ' ಅನ್ನುತ್ತಾರೆ. ಆ ಹಳೆಯ ಅರ್ಥವೇ ಇಲ್ಲಿ ಉಳಿದಿದೆ ಅಂತ ನನಗನಿಸುತ್ತದೆ. ಇಂಥ ಮಾತು ಬರವಣಿಗೆಯಿಂದ ಹೊರಗುಳಿದಿದೆ ಅನ್ನುವುದು ನಿಜಕ್ಕೂ ಬೇಸರದ ಸಂಗತಿ.

ನಿಮ್ಮಿಂದ ಮೂರು ವಿಷಯ ಬೇಕು. ಬಾವಿ ತೋಡುವವರು, ಬೋರ್ ಕೊರೆಯುವವರು ನೀರು ಇಳಿಯಲು ಬಿಡದ ಪದರಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಕರಾವಳಿಯವರು, ಮಲೆನಾಡಿನವರು ಕಾಲಿಡಲಾಗದ ಕಾಡಿಗೆ ಬಳಸುವ ಪದ ಯಾವುದು? ಮತ್ತೆ, 'ನೀರಿಂಗದ' ಅನ್ನುವುದು ಓದುವಾಗ ಎಲ್ಲಾದರೂ ಎಡವುತ್ತದಾ? ನಿಮ್ಮ ಅಜ್ಜಿ, ತಾತ, ಊರಿನ ಹಿರಿಯರು ಆಡಿದ ಮಾತಾದರೆ ಅದನ್ನು ಆಡಿದ ಹಾಗೆಯೇ ಬರೆಯಿರಿ, ಗ್ರಾಂಥಿಕಕ್ಕೆ ತಿದ್ದಬೇಡಿ. ಜೊತೆಗೆ ತಾಲ್ಲೂಕಿನ ಹೆಸರನ್ನೂ ಸೇರಿಸಿ.